ಬರಿಗೊಕ್ಕಿನ ಕರೆ

ಫೆಬ್ರುವರಿ ೧೧

ಪ್ರೀತಿಯ ಚಿಕ್ಕಮ್ಮನಿಗೆ,

ಹೊಸ ಮನೆಗೆ ಬಂದು ಸೇರಿದೆ. ಮನೆ ಎಂದರೆ ದೊಡ್ಡದೊಂದು ಮನೆಯ ಹಿಂಭಾಗ. ಮುಂಭಾಗದಲ್ಲಿ ಒಡತಿ ಇರುತ್ತಾರೆ. ಇದ್ದರು ಎನ್ನಬೇಕು, ಮೊಣಕಾಲಿನ ಆಪರೇಷನ್ನಿಗೆಂದು ಮಗಳ ಊರಿಗೆ ಹೋಗಿದ್ದಾರೆ. ಹೋಗುವಾಗ ಬೀಗದ ಕೈ ಕೊಟ್ಟು, "ಮನೆ ಹೇಗಾದ್ರೂ ಇಟ್ಕೊ, ನನ್ನ ಕೋಳಿಗಳನ್ನ ಮಾತ್ರ ಚೆನ್ನಾಗಿ ನೋಡ್ಕೊ" ಎಂದರು. ನಾನು ಆಗಲಿ ಎಂದುಬಿಟ್ಟೆ. ಮೊಟ್ಟೆ ಒಡೆಯುವುದು ಬಿಟ್ಟರೆ ಕೋಳಿಯ ಬಗ್ಗೆ ನನಗೆ ಏನು ಗೊತ್ತು?

ಕಟ್ಟುಹಲ್ಲು ಮಾಡುವ ನನ್ನ ಕೆಲಸದ ಮೇಜನ್ನು ಹಿತ್ತಲ ಕಿಟಕಿಗೆ ಎಳೆದುಕೊಂಡಿದ್ದೇನೆ. ಇತ್ತ ಮೇಣದಲ್ಲಿ ಯಾರದೋ ಮೇಲಿನ ಸಾಲಿನ ಹಲ್ಲು ಕೂರಿಸುತ್ತ ಅತ್ತ ಹಲ್ಲಿಲ್ಲದವರ ಸಂಸಾರ ನೋಡುತ್ತಿರುತ್ತೇನೆ. ದೊಡ್ಡ ಹುಂಜನಿಗೆ ಒಡತಿ ಇಟ್ಟ ಹೆಸರು ಇನ್ಸ್‌ಪೆಕ್ಟರ್. ಎದೆ ಮುಂದೆ ಮಾಡಿ, ಪ್ರತಿಯೊಂದು ಕುಂಡವನ್ನೂ ಅನುಮಾನದಿಂದ ನೋಡಿಕೊಂಡು ಹೋಗುತ್ತಾನೆ. ಹರೆಯದ ಇನ್ನೊಂದು ಹುಂಜ ಇದೆ, ಅದು ಚಿಗುರುಮೀಸೆ. ಕೂಗಲು ಹೋದರೆ ಅದರ ಗಂಟಲು ಒಡೆದು ಬಾಗಿಲ ಕೀಲಿನ ಹಾಗೆ ಕಿರ್ರೆನ್ನುತ್ತದೆ. ಹೇಂಟೆಗಳಲ್ಲಿ ನನಗೆ ಗುರುತು ಸಿಕ್ಕಿದ್ದು ಮೂರರದು: ಬೂದಿ, ಗಡಿಬಿಡಿ, ದೊಡ್ಡಕ್ಕ. ಉಳಿದವೆಲ್ಲ ಇನ್ನೂ ಒಂದೇ ಥರ ಕಾಣುತ್ತವೆ.

ಈಗ ವಿಷಯ. ನಿನ್ನೆ ಸಂಜೆ ಇನ್ಸ್‌ಪೆಕ್ಟರ್ ಬೂದಿಯ ಹತ್ತಿರ ಬಂದ. ನೇರವಾಗಿ ಅಲ್ಲ, ಅಡ್ಡಡ್ಡವಾಗಿ. ಅವಳಿಂದ ಆಚೆ ಇರುವ ರೆಕ್ಕೆಯನ್ನು ನೆಲಕ್ಕೆ ಇಳಿಬಿಟ್ಟು, ಅದರ ಗರಿಗಳನ್ನು ಕಾಲಿನಿಂದ ಗೀರುತ್ತ, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಅವಳ ಸುತ್ತ ಅರ್ಧ ಸುತ್ತು ಬಂದ. ಹಳೆಯ ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದಂಥ ಸದ್ದು. ರೆಕ್ಕೆ ಮುರಿದಿದೆ ಎಂದು ಗಾಬರಿಯಾಗಿ ನಾನು ಕೈಯಲ್ಲಿದ್ದ ಹಲ್ಲಿನ ಸಮೇತ ಓಡಿದೆ. ನನ್ನನ್ನು ಕಂಡದ್ದೇ ತಡ, ರೆಕ್ಕೆ ಮಡಚಿ, ಏನೂ ಆಗದವನ ಹಾಗೆ ನಿಂತ. ಬೂದಿ ಆ ಕಡೆ ತಿರುಗಿ ಹುಲ್ಲು ಕುಕ್ಕುತ್ತಿದ್ದಳು.

ಇದೇನು ಚಿಕ್ಕಮ್ಮ? ಕಾಯಿಲೆಯಾ, ಕುಣಿತವಾ? ಅಮ್ಮ ಪುಸ್ತಕ ಹಿಡಿದು ಕೂತಿದ್ದಾಗ ಕೋಳಿಗಳ ಹಿಂದೆ ಓಡಾಡಿ ಬೆಳೆದವಳು ನೀನು. ಫೋನಿನಲ್ಲಿ ಕೇಳೋಣವೆಂದರೆ ನಾವಿಬ್ಬರೂ ಊಟ ಆಯಿತಾ, ಆಯಿತು ಎಂದು ಇಟ್ಟುಬಿಡುತ್ತೇವೆ. ಅದಕ್ಕೇ ಕಾಗದ.

ನಿನ್ನ,
ಪುಟ್ಟಿ


ಫೆಬ್ರುವರಿ ೨೪

ಪುಟ್ಟಿಗೆ,

ಅದು ಕಾಯಿಲೆ ಅಲ್ಲ ಮಾರಾಯ್ತಿ, ಒಲಿಸುವ ಕೆಲಸ. ನಿನ್ನ ಕಾಗದವನ್ನು ಕಚೇರಿಯಲ್ಲೇ ಓದಿ ಒಬ್ಬಳೇ ನಕ್ಕೆ. ಕಳೆದುಹೋದ ಕೊಡೆ ಕೇಳಲು ಬಂದವರೊಬ್ಬರು, ತಮ್ಮನ್ನು ನೋಡಿ ನಗುತ್ತಿದ್ದೇನೆಂದು ಮುಖ ಗಂಟು ಹಾಕಿಕೊಂಡು ಹೋದರು. ಇಷ್ಟು ವರ್ಷ ಈ ರೈಲು ನಿಲ್ದಾಣದ ಬಿಟ್ಟುಹೋದ ಸಾಮಾನಿನ ಕೋಣೆಯಲ್ಲಿ ಕೂತು ನಾನು ಹೀಗೆ ನಕ್ಕದ್ದು ಕಡಿಮೆ.

ಹುಂಜ ರೆಕ್ಕೆ ಇಳಿಬಿಟ್ಟು ಸುತ್ತು ಬಂದರೆ ಅವನು ಕೇಳುತ್ತಿದ್ದಾನೆ ಎಂದರ್ಥ. ಹೇಂಟೆಗೆ ಮನಸ್ಸಿದ್ದರೆ ಮೈ ತಗ್ಗಿಸಿ ಕೂರುತ್ತದೆ, ಇಲ್ಲದಿದ್ದರೆ ಹೀಗೇ ಹುಲ್ಲು ಕುಕ್ಕುತ್ತದೆ. ಚಿಕ್ಕಂದಿನಲ್ಲಿ ನಾನು ನೋಡಿದ್ದು ಇಷ್ಟೇ. ಮುಂದಿನದನ್ನು ನೋಡುವಷ್ಟರಲ್ಲಿ ನಿಮ್ಮಜ್ಜಿ ಬಂದು ಕಿವಿ ಹಿಂಡಿ ಒಳಗೆ ಕರೆದುಕೊಂಡು ಹೋಗುತ್ತಿದ್ದಳು.

ನಿನಗೆ ಕಿವಿ ಹಿಂಡುವವರು ಯಾರೂ ಇಲ್ಲ. ಸರಿಯಾಗಿ ನೋಡಿ ಬರೆ. ಹೇಂಟೆ ಒಂದು ಸಲ ಮುಖ ತಿರುಗಿಸಿದರೆ ಅವನು ಅವಳನ್ನು ಬಿಟ್ಟುಬಿಡುತ್ತಾನಾ, ಮತ್ತೆ ಬರುತ್ತಾನಾ? ಅವಳಿಗಾಗಿ ಏನಾದರೂ ತರುತ್ತಾನಾ? ತಂದದ್ದನ್ನು ಅವಳು ತಿಂದರೆ, ಒಪ್ಪಿದ ಹಾಗೆ ಆಗುತ್ತದಾ? ಅಥವಾ ಬರೀ ತಿಂದು ಹೋಗಬಹುದಾ? ಸುಮ್ಮನೆ ಕುತೂಹಲ.

ಇಲ್ಲಿ ವಿಶೇಷವೇನಿಲ್ಲ. ಸಾಮಾನು ತೂಗುವ ಯಂತ್ರ ಪದೇ ಪದೇ ಕೆಡುತ್ತಿದೆಯಂತೆ. ತಕ್ಕಡಿ ರಿಪೇರಿಯವರು ಹೋದ ವರ್ಷ ಒಂದೇ ಸಲ ಬಂದಿದ್ದರು, ಈ ವರ್ಷ ಆಗಲೇ ನಾಲ್ಕೈದು ಸಲ ಬಂದರು. ನಿನ್ನೆ ಅವರ ಕೈಯಲ್ಲಿ ಎರಡು ಪೇರಲೆ ಹಣ್ಣಿದ್ದವು. ಒಂದು ನನಗೆ ಕೊಟ್ಟರು. ಹಣ್ಣು ಚೆನ್ನಾಗಿತ್ತು.

ಇದ್ದಕ್ಕಿದ್ದಂತೆ ಮನೆ ಬದಲಿಸಿದ್ದೇಕೆ ಎಂದು ನೀನು ಬರೆದಿಲ್ಲ. ನಾನು ಕೇಳುತ್ತಿಲ್ಲ. ಅಳಿಯಂದಿರು ಚೆನ್ನಾಗಿದ್ದಾರೆ ತಾನೆ?

ಚಿಕ್ಕಮ್ಮ


ಮಾರ್ಚ್ ೯

ಪ್ರೀತಿಯ ಚಿಕ್ಕಮ್ಮ,

ನಿನ್ನ ಪ್ರಶ್ನೆಗಳನ್ನು ಕಿಟಕಿಯ ಚೌಕಟ್ಟಿಗೆ ಸಿಕ್ಕಿಸಿಕೊಂಡು ಕಾವಲು ಕೂತಿದ್ದೇನೆ. ಹಲ್ಲಿನ ಡಾಕ್ಟರರು ಫೋನ್ ಮಾಡಿ, "ಏನ್ರೀ, ಸೆಟ್ಟು ಇನ್ನೂ ಆಗಿಲ್ವಾ? ಪಾಪ ಅವರು ಗಂಜಿ ಕುಡ್ಕೊಂಡು ಕೂತಿದಾರೆ" ಎಂದರು. ಕೋಳಿ ನೋಡುತ್ತಿದ್ದೆ ಎಂದು ಹೇಳುವುದು ಹೇಗೆ!

ಹೌದು, ತರುತ್ತಾನೆ. ಹುಳವೋ ಕಾಳೋ ಸಿಕ್ಕಿದರೆ ತಾನು ನುಂಗುವುದಿಲ್ಲ. ಕೊಕ್ಕಿನಲ್ಲಿ ಎತ್ತುತ್ತಾನೆ, ಬೀಳಿಸುತ್ತಾನೆ, ಮತ್ತೆ ಎತ್ತುತ್ತಾನೆ, ಟುಕ್ ಟುಕ್ ಟುಕ್ ಎಂದು ಒಂದೇ ಸಮನೆ ಕರೆಯುತ್ತಾನೆ. ಹೇಂಟೆಗಳು ಓಡಿ ಬರುತ್ತವೆ. ಮೊದಲು ಬಂದದ್ದು ತಿನ್ನುತ್ತದೆ, ಅವನು ನಿಂತು ನೋಡುತ್ತಾನೆ. ಗಡಿಬಿಡಿಯಂತೂ ತಿಂದವಳೇ ಹಿಂದಿರುಗಿ ನೋಡದೆ ಓಡುತ್ತಾಳೆ. ಹಾಗಾಗಿ, ಬರೀ ತಿಂದು ಹೋಗಬಹುದು. ಅವನು ಅಟ್ಟಿಸಿಕೊಂಡು ಹೋದದ್ದನ್ನು ನಾನು ನೋಡಿಲ್ಲ.

ಅಜ್ಜಿ ನಿನಗೆ ತೋರಿಸದ ಭಾಗವನ್ನೂ ನೋಡಿದೆ. ಸಂಜೆ ಗೂಡು ಸೇರುವ ಹೊತ್ತಿಗೇ ಅದು ಹೆಚ್ಚು. ದೊಡ್ಡಕ್ಕ ನೆಲಕ್ಕೆ ಮೈ ಹಚ್ಚಿ, ರೆಕ್ಕೆ ಸ್ವಲ್ಪ ಬಿಡಿಸಿ ಕೂತಳು. ಅವನು ಬೆನ್ನ ಮೇಲೆ ಹತ್ತಿ, ಕತ್ತಿನ ಪುಕ್ಕ ಕಚ್ಚಿ ಹಿಡಿದು, ಜಾರದ ಹಾಗೆ ಕಾಲು ತುಳಿಯುತ್ತ ಬಾಲ ಬಗ್ಗಿಸಿದ. ಅವಳು ಬಾಲ ಒಂದು ಪಕ್ಕಕ್ಕೆ ಸರಿಸಿದಳು. ಇಬ್ಬರ ಹಿಂಭಾಗ ಒಂದಕ್ಕೊಂದು ತಾಗಿತು, ಮುಗಿಯಿತು. ನಾನು ಕನ್ನಡಕ ಒರೆಸಿಕೊಳ್ಳುವಷ್ಟು ಹೊತ್ತೂ ಇಲ್ಲ. ಅವಳು ಎದ್ದು, ಒದ್ದೆ ಬಟ್ಟೆ ಕೊಡವಿದ ಹಾಗೆ ಮೈಯೆಲ್ಲ ಕೊಡವಿಕೊಂಡು, ಮೊದಲು ಎಲ್ಲಿ ಕೆರೆಯುತ್ತಿದ್ದಳೋ ಅಲ್ಲೇ ಹೋಗಿ ಕೆರೆಯತೊಡಗಿದಳು. ಅಷ್ಟೆಲ್ಲ ಸುತ್ತು, ಅಷ್ಟೆಲ್ಲ ಕರೆ, ಇಷ್ಟಕ್ಕಾ ಎಂದು ನಗು ಬಂತು.

ಆದರೆ ಇನ್ನೊಂದು ಪತ್ತೆ ಮಾಡಿದ್ದೇನೆ. ಅವನು ಮೋಸಗಾರ. ಎಷ್ಟೋ ಸಲ ಕೊಕ್ಕಿನಲ್ಲಿ ಏನೂ ಇರುವುದಿಲ್ಲ. ಬರೀ ಕಡ್ಡಿ, ಒಣಗಿದ ಎಲೆ, ಕೆಲವು ಸಲ ಅದೂ ಇಲ್ಲ. ಆದರೂ ಅದೇ ಟುಕ್ ಟುಕ್, ಅದೇ ಸಂಭ್ರಮ. ಬೇಲಿಯ ತನಕ ಹೋಗಿದ್ದ ಬೂದಿ ನಂಬಿ ಓಡಿ ಬರುತ್ತಾಳೆ, ನೋಡಿದರೆ ನೆಲ ಖಾಲಿ. ಅಷ್ಟರಲ್ಲಿ ಇವನು ರೆಕ್ಕೆ ಇಳಿಬಿಟ್ಟಿರುತ್ತಾನೆ. ಕೈಯಲ್ಲಿ ಏನೂ ಇಲ್ಲದೆ ಬಾ ಬಾ ಎಂದು ಕರೆಯುವವರ ಜಾತಿಯೇ ಇಷ್ಟು, ಚಿಕ್ಕಮ್ಮ. ಅಂಥವರ ಮಾತಿಗೆ ಒಂದು ಸಲ ಹೊರಟರೆ ಕಾಲು ಸವೆದರೂ ಮುಗಿಯುವುದಿಲ್ಲ. ಮೊದಲ ಸಲವೇ ಬಾಗಿಲು ಹಾಕಿಬಿಡಬೇಕು.

ಬೂದಿಯ ಬೆನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಪುಕ್ಕ ಉದುರಿ ಚರ್ಮ ಕೆಂಪಗೆ ಕಾಣುತ್ತಿದೆ, ಒಂದು ಕಡೆ ಗೀರು ಗಾಯ. ಇದೂ ಆ ಇನ್ಸ್‌ಪೆಕ್ಟರನದೇ ಕೆಲಸ ಇರಬೇಕು.

ಎಲ್ಲರೂ ಚೆನ್ನಾಗಿದ್ದೇವೆ.

ಪುಟ್ಟಿ


ಮಾರ್ಚ್ ೨೦

ಪುಟ್ಟಿಗೆ,

ಇದರ ಜೊತೆ ಒಂದು ಕಟ್ಟು ಕಳಿಸಿದ್ದೇನೆ. ಯಾರೂ ಕೇಳಲು ಬಾರದ ಕೊಡೆಗಳ ಬಟ್ಟೆ ಬಿಚ್ಚಿ, ಕೋಳಿಯ ಬೆನ್ನಿಗೆ ಕವಚದ ಹಾಗೆ ಹೊಲಿದಿದ್ದೇನೆ. ಎರಡು ರೆಕ್ಕೆಯ ಬುಡಕ್ಕೆ ಎಲಾಸ್ಟಿಕ್ ಹಾಕು. ಬಿಗಿ ಆಗಬಾರದು, ನಿನ್ನ ಬೆರಳು ಒಳಗೆ ಹೋಗಬೇಕು. ಗಾಯ ಪೂರ್ತಿ ಒಣಗಿದ ಮೇಲೆ ತೊಡಿಸು. ಹುಂಜ ಹತ್ತಿದರೂ ಉಗುರು ತಾಗುವುದಿಲ್ಲ.

ಬರಿಗೈಯಲ್ಲಿ ಕರೆಯುವವರ ಬಗ್ಗೆ ನೀನು ಬರೆದದ್ದು ಸರಿ. ಇಲ್ಲಿಯೂ ಒಂದು ವಿಷಯಕ್ಕೆ ಬಾಗಿಲು ಹಾಕಿದ್ದಾಯಿತು. ನನಗಿಂತ ಚಿಕ್ಕವಳಾದರೂ ಲೋಕ ಕಂಡಿದ್ದೀಯ.

ತೂಕದ ಯಂತ್ರ ಈಗ ಸರಿಯಾಗಿದೆ.

ಚಿಕ್ಕಮ್ಮ


ಏಪ್ರಿಲ್ ೨

ಪ್ರೀತಿಯ ಚಿಕ್ಕಮ್ಮ,

ಕವಚ ಬಂತು. ಬೂದಿಗೆ ನೀಲಿಯದು ತೊಡಿಸಿದೆ. ಮೊದಲ ದಿನ ಹಿಂದಕ್ಕೆ ಹಿಂದಕ್ಕೆ ನಡೆದು ಗೋಡೆಗೆ ಹೋಗಿ ಮುಟ್ಟಿದಳು, ಈಗ ಅದು ಹುಟ್ಟಿದಾಗಿನಿಂದ ಇದ್ದ ಹಾಗೆ ಓಡಾಡುತ್ತಾಳೆ.

ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಒಡತಿಗೆ ಫೋನ್ ಮಾಡಿ ಹೇಳಿದೆ. "ನಿಂಗೆ ಸರಿ ಕಂಡದ್ದು ಮಾಡು, ನಾನಿಲ್ಲಿ ಕಾಲು ಚಾಚಿ ಮಲಗಿದೀನಿ" ಎಂದರು. ಮೊನ್ನೆ ಇನ್ಸ್‌ಪೆಕ್ಟರನನ್ನು ರಸ್ತೆಯ ಕೊನೆಯ ಗ್ಯಾರೇಜಿನ ಮೆಕ್ಯಾನಿಕ್ಕಿಗೆ ಕೊಟ್ಟುಬಿಟ್ಟೆ. ಸಾಕುತ್ತೀರಾ, ತಿನ್ನುತ್ತೀರಾ ಎಂದು ಕೇಳುವ ಧೈರ್ಯ ಬರಲಿಲ್ಲ. ರಟ್ಟಿನ ಪೆಟ್ಟಿಗೆಯೊಳಗೆ ಅವನು ಸದ್ದೇ ಮಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿನ್ನ ಕಾಗದ ಎಷ್ಟು ಚಿಕ್ಕದು! ಇಂಥ ವಿಷಯವನ್ನು ಬಿಚ್ಚಿ ಬರೆದೆನೆಂದು ಬೇಸರವಾಯಿತಾ? ಅಥವಾ ಮೈ ಸರಿಯಿಲ್ಲವಾ? ಬಾಗಿಲು ಹಾಕಿದ್ದು ಯಾವುದಕ್ಕೆ? ಮೇಲಿನ ಸಾಹೇಬರು ಮತ್ತೆ ಆ ಕೋಣೆ ಖಾಲಿ ಮಾಡಿ ಎನ್ನುತ್ತಿದ್ದಾರಾ?

ಪುಟ್ಟಿ


ಏಪ್ರಿಲ್ ೨೧

ಚಿಕ್ಕಮ್ಮ,

ನಿನ್ನ ಉತ್ತರ ಬರಲಿಲ್ಲ. ಮತ್ತೆ ನಾನೇ ಬರೆಯುತ್ತಿದ್ದೇನೆ, ಏಕೆಂದರೆ ಯಾರಿಗಾದರೂ ಹೇಳಲೇಬೇಕು.

ನಾನು ತಪ್ಪು ಹುಂಜನನ್ನು ಕಳಿಸಿದೆ.

ಇನ್ಸ್‌ಪೆಕ್ಟರ್ ಹೋದ ಮಾರನೆಯ ದಿನವೇ ಚಿಗುರುಮೀಸೆ ಹಿತ್ತಲಿಗೆ ಯಜಮಾನನಾದ. ಅವನಿಗೆ ಸುತ್ತು ಬರುವುದು ಗೊತ್ತಿಲ್ಲ, ಕೇಳುವುದು ಗೊತ್ತಿಲ್ಲ. ಕುಂಡದ ಹಿಂದೆ ಅಡಗಿದ್ದು, ಹೇಂಟೆ ಕಾಳು ತಿನ್ನಲು ತಲೆ ಬಗ್ಗಿಸಿದಾಗ ಹಿಂದಿನಿಂದ ಹಾರಿ ಬೀಳುತ್ತಾನೆ. ಅವು ಕಿರುಚಿಕೊಂಡು ಓಡುತ್ತವೆ, ಇವನು ಬೇಲಿಯ ತನಕ ಅಟ್ಟಿ ಮೂಲೆಗೆ ಒತ್ತಿ ಹಿಡಿಯುತ್ತಾನೆ. ಬೂದಿಯ ಕವಚವನ್ನು ಎಳೆದು ಹರಿದುಹಾಕಿದ. ಗಡಿಬಿಡಿ ಗೂಡಿನ ಚಾವಣಿ ಹತ್ತಿ ಕೂತವಳು ನೀರಿಗೂ ಇಳಿಯುವುದಿಲ್ಲ. ಮೊಟ್ಟೆ ಇಡುವುದು ಬಹುತೇಕ ನಿಂತಿದೆ.

ಬೂದಿಯ ಬೆನ್ನ ಗಾಯವೂ ಮೊದಲಿನಿಂದ ಇವನದೇ ಎಂದು ಈಗ ತಿಳಿಯಿತು. ಹಿಂದೆಲ್ಲ ಅವಳು ಕಿರುಚಿದಾಗ ದೊಡ್ಡವನು ಎಲ್ಲಿದ್ದರೂ ಓಡಿ ಬರುತ್ತಿದ್ದ. ನಾನು ತಲೆ ಎತ್ತಿ ನೋಡುವ ಹೊತ್ತಿಗೆ ಅವಳ ಪಕ್ಕದಲ್ಲಿ ಕಾಣುತ್ತಿದ್ದವನು ಅವನೇ. ಹಾಗಾಗಿ ಅವನೇ ಮಾಡಿದ್ದು ಎಂದುಕೊಂಡೆ. ಅವನು ಬಿಡಿಸಲು ಬಂದಿರುತ್ತಿದ್ದ, ಚಿಕ್ಕಮ್ಮ.

ಇನ್ನೂ ಒಂದು ತಮಾಷೆ ನೆನಪಾಗುತ್ತದೆ. ದೊಡ್ಡವನು ಇದ್ದಾಗ ಈ ಚಿಗುರುಮೀಸೆಯೂ ಕಾಳು ಎತ್ತಿ ಬೀಳಿಸುವ ಆಟ ಆಡುತ್ತಿದ್ದ, ಆದರೆ ಬಾಯಿ ಬಿಡುತ್ತಿರಲಿಲ್ಲ. ತಲೆ ಮೇಲೆ ಕೆಳಗೆ, ಮೇಲೆ ಕೆಳಗೆ, ಸದ್ದಿಲ್ಲ. ಸದ್ದು ಮಾಡಿದರೆ ಒದೆ ಬೀಳುತ್ತದೆಂದು ಕಳ್ಳ ಕರೆ! ಈಗ ಯಾರ ಭಯವೂ ಇಲ್ಲ, ಕರೆಯುವುದನ್ನೇ ಬಿಟ್ಟಿದ್ದಾನೆ.

ಇನ್ಸ್‌ಪೆಕ್ಟರನ ಸುಳ್ಳು ಕರೆಯ ಬಗ್ಗೆಯೂ ಕೂತು ಯೋಚಿಸಿದೆ. ಹೇಂಟೆ ಹತ್ತಿರ ಇದ್ದಾಗ ಅವನು ಹಾಗೆ ಮಾಡುತ್ತಿರಲಿಲ್ಲ, ದೂರ ಹೋದಾಗ ಮಾತ್ರ. ಬೇಲಿಯ ಆಚೆ ನಾಯಿ ಓಡಾಡುವ ಜಾಗ. ಅವಳು ಅತ್ತ ಹೋಗದಿರಲಿ ಎಂದೋ, ಸುಮ್ಮನೆ ಹತ್ತಿರ ಇರಲಿ ಎಂದೋ, ನನಗೆ ಗೊತ್ತಿಲ್ಲ. ಕೋಳಿಯ ಮನಸ್ಸಿನೊಳಗೆ ಹೊಕ್ಕು ನೋಡಿದವರು ಯಾರು? ಆದರೆ ಬಂದವಳು ತಿರುಗಿ ಹೋದರೆ ಅವನು ಸುಮ್ಮನೆ ನಿಂತಿರುತ್ತಿದ್ದ. ಅದು ನನ್ನ ಕಣ್ಣಿಗೆ ಬಿದ್ದಿತ್ತು, ಲೆಕ್ಕಕ್ಕೆ ಹಿಡಿಯಲಿಲ್ಲ.

ಹಿಡಿಯದಿದ್ದದ್ದಕ್ಕೆ ಕಾರಣ ಇದೆ. ಚಿಕ್ಕಮ್ಮ, ನಿಮ್ಮ ಅಳಿಯ ಇಲ್ಲಿಲ್ಲ. ನಾನೇ ಮನೆ ಬಿಟ್ಟು ಬಂದೆ. ಕಟ್ಟುಹಲ್ಲಿನ ಸ್ವಂತ ಲ್ಯಾಬ್ ಹಾಕೋಣ, ಮುಂದಿನ ವರ್ಷ, ಅದರ ಮುಂದಿನ ವರ್ಷ ಎಂದು ಅವರು ಕರೆಯುತ್ತಲೇ ಇದ್ದರು. ನಾನು ಹೋಗುತ್ತಲೇ ಇದ್ದೆ. ಕೊನೆಗೆ ನೋಡಿದರೆ ಬೇರೆ ಊರಿನಲ್ಲಿ ಬೇರೆ ಸಂಸಾರವೇ ಇತ್ತು. ಆ ಕಾಗದದಲ್ಲಿ ನಾನು ಬೈದದ್ದು ಕೋಳಿಗಲ್ಲ. ನಿನಗೆ ಹೇಳಿದರೆ ನೀನು ಅಳುತ್ತೀ, ಆಮೇಲೆ ನಾನು ಸಮಾಧಾನ ಮಾಡಬೇಕು ಎಂದು ಸುಮ್ಮನಿದ್ದೆ.

ನಾಳೆ ಗ್ಯಾರೇಜಿಗೆ ಹೋಗುತ್ತೇನೆ. ಅವನು ಇನ್ನೂ ಇದ್ದಾನೋ ಸಾರಾಗಿದ್ದಾನೋ ನೋಡಬೇಕು.

ಪುಟ್ಟಿ


ಮೇ ೧

ನನ್ನ ಮಗಳೇ,

ಅತ್ತುಬಿಟ್ಟೆ. ಚೆನ್ನಾಗಿಯೇ ಅತ್ತೆ. ಯಾರೋ ಬಿಟ್ಟುಹೋದ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡೆ. ಈಗ ಮುಗಿಯಿತು, ನೀನು ಸಮಾಧಾನ ಮಾಡುವುದು ಬೇಡ. ನೀನು ಬಿಟ್ಟು ಬಂದದ್ದು ಸರಿ. ಇಷ್ಟೇ ನನ್ನ ಮಾತು, ಇನ್ನು ನೀನಾಗಿ ಹೇಳುವ ತನಕ ಆ ವಿಷಯ ಎತ್ತುವುದಿಲ್ಲ.

ನಿನಗೆ ಉತ್ತರ ಬರೆಯದಿದ್ದದ್ದು ಬೇಸರದಿಂದಲ್ಲ, ನಾಚಿಕೆಯಿಂದ. ನೀನು ಹುಂಜದ ಬಗ್ಗೆ ಬರೆದದ್ದನ್ನೆಲ್ಲ ನಾನು ಬೇರೆಯೇ ಓದಿಕೊಳ್ಳುತ್ತಿದ್ದೆ.

ತಕ್ಕಡಿಯವರ ವಿಷಯ ಬರೆದಿದ್ದೆನಲ್ಲ, ಪೇರಲೆ ಹಣ್ಣು ಕೊಟ್ಟವರು. ಹೆಂಡತಿ ತೀರಿಕೊಂಡು ತುಂಬ ವರ್ಷವಾಯಿತಂತೆ. ಬಂದಾಗಲೆಲ್ಲ ಏನಾದರೂ ತರುತ್ತಿದ್ದರು. ನನ್ನ ಅಲ್ಲಾಡುವ ಕುರ್ಚಿಯ ಕಾಲಿಗೆ ಒಂದು ರಬ್ಬರ್ ತುಂಡು, ಕನ್ನಡಕಕ್ಕೆ ಕೂದಲೆಳೆಯಂಥ ಒಂದು ತಿರುಪು. ಅಂಗಡಿಯಲ್ಲಿ ಕೊಂಡದ್ದಲ್ಲ, ನೋಡಿ ತಂದದ್ದು. ನನಗೆ ಐವತ್ತೆಂಟು ಆಯಿತು ಪುಟ್ಟಿ. ನನ್ನ ಕುರ್ಚಿ ಅಲ್ಲಾಡುವುದನ್ನು ಯಾರೂ ನೋಡಿರಲಿಲ್ಲ.

ಮಾರ್ಚಿನಲ್ಲಿ ಒಂದು ದಿನ ಬಾಗಿಲಲ್ಲಿ ನಿಂತು, "ಸ್ವಲ್ಪ ಹೊರಗೆ ಬನ್ನಿ, ಏನೋ ತೋರಿಸ್ತೀನಿ" ಎಂದರು. ಕೋಣೆಗೆ ಬೀಗ ಹಾಕಿ ಅವರ ಹಿಂದೆ ಪ್ಲಾಟ್‌ಫಾರ್ಮಿನ ಕೊನೆಯವರೆಗೆ ಹೋದೆ. ಅಲ್ಲಿ ಏನೂ ಇಲ್ಲ. ಕಂಬಿ, ಜಲ್ಲಿಕಲ್ಲು, ಬಿಸಿಲು.

"ಏನು ತೋರಿಸ್ತೀನಿ ಅಂದ್ರಿ?" ಎಂದೆ.

"ಏನೂ ಇಲ್ಲ" ಎಂದರು. "ಇವತ್ತು ಕೈಯಲ್ಲಿ ಏನೂ ಇರ್ಲಿಲ್ಲ. ನೀವು ಆ ಕೋಣೆಯಿಂದ ಆಚೆ ಬರಲಿ ಅಂತ ಕರೆದೆ."

ಆಗ ನಕ್ಕೆ. ಬರುವಾಗಲೂ ನಗುತ್ತಲೇ ಬಂದೆ. ಅದಾಗಿ ಕೆಲವೇ ದಿನಕ್ಕೆ ನಿನ್ನ ಕಾಗದ ಬಂತು. ಬರಿಗೈಯಲ್ಲಿ ಕರೆಯುವವರ ಜಾತಿ, ಬಾಗಿಲು ಹಾಕಿಬಿಡಬೇಕು. ಯಾರೋ ಇವಳಿಗೆ ಹೇಳಿರಬೇಕು, ಅದಕ್ಕೇ ಕೋಳಿಯ ನೆಪದಲ್ಲಿ ಬುದ್ಧಿ ಹೇಳುತ್ತಿದ್ದಾಳೆ ಎಂದುಕೊಂಡೆ. ಈ ವಯಸ್ಸಿನಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ನಗುತ್ತ ನಡೆದದ್ದು ನೆನೆದು ಮೈ ಬಿಸಿಯಾಯಿತು. ಮುಂದಿನ ಸಲ ಅವರು ಬಂದಾಗ, "ಯಂತ್ರ ಕೆಟ್ಟರೆ ನಾವೇ ಹೇಳಿ ಕಳಿಸ್ತೀವಿ, ಸುಮ್ ಸುಮ್ಮನೆ ಬರಬೇಡಿ" ಎಂದೆ. ಅವರು ಸಲಕರಣೆಯ ಚೀಲ ಎತ್ತಿಕೊಂಡು, "ಆಗ್ಲಿ" ಎಂದು ಹೋದರು. ಆಮೇಲೆ ಬರಲೇ ಇಲ್ಲ. ಹೋದ ವಾರ ಯಂತ್ರ ನೋಡಲು ಬೇರೆ ಯಾರೋ ಬಂದಿದ್ದರು.

ನಿನ್ನ ಮೇಲೆ ಹಾಕುತ್ತಿಲ್ಲ. ನೀನು ಕೋಳಿಯ ವಿಷಯ ಬರೆದೆ, ನಾನು ನನ್ನ ಭಯ ಓದಿಕೊಂಡೆ.

ಹುಂಜ ಇದೆಯಾ? ಬೇಗ ಬರೆ.

ಚಿಕ್ಕಮ್ಮ


ಮೇ ೯

ಚಿಕ್ಕಮ್ಮ, ಚಿಕ್ಕಮ್ಮ!

ನಿನ್ನ ಕಾಗದ ನಿಂತುಕೊಂಡೇ ಓದಿದೆ, ಆಮೇಲೆ ಕೂತು ಇನ್ನೊಂದು ಸಲ ಓದಿದೆ. ನನಗೆ ಯಾರೂ ಏನೂ ಹೇಳಿರಲಿಲ್ಲ. ಪೇರಲೆ ಹಣ್ಣನ್ನು ನಾನು ಬರೀ ಪೇರಲೆ ಹಣ್ಣು ಎಂದೇ ಓದಿದ್ದೆ. ಎಂಥ ಪೆದ್ದಿ ನಾನು! ನಿನ್ನ ಆ ಪ್ರಶ್ನೆಗಳೆಲ್ಲ ಇನ್ನೂ ಈ ಕಿಟಕಿಯಲ್ಲೇ ಸಿಕ್ಕಿಕೊಂಡಿವೆ.

ಹುಂಜ ಇದೆ. ಗ್ಯಾರೇಜಿಗೆ ಹೋದಾಗ ಮೆಕ್ಯಾನಿಕ್ ಒಂದು ಕಾರಿನ ಕೆಳಗೆ ಮಲಗಿದ್ದರು, ಎರಡು ಕಾಲು ಮಾತ್ರ ಕಾಣುತ್ತಿತ್ತು. ಆ ಕಾಲುಗಳನ್ನೇ ಕೇಳಿದೆ, "ನಾನು ಕೊಟ್ಟ ಹುಂಜ ಇದೆಯಾ?"

ಒಳಗಿನಿಂದ ದನಿ ಬಂತು: "ಕುಯ್ಯೋಣ ಅಂತಲೇ ಇದ್ದೆ ಅಕ್ಕಾ. ಆಮೇಲೆ ಮನಸ್ಸು ಬರ್ಲಿಲ್ಲ. ಅಲ್ಲಿ ನೋಡಿ, ಏನು ಮಾಡ್ತಾ ಇದೆ."

ಹಳೆಯ ಟೈರುಗಳ ಮಧ್ಯೆ ಇನ್ಸ್‌ಪೆಕ್ಟರ್ ನಿಂತಿದ್ದ. ಎದೆಯ ಪುಕ್ಕಕ್ಕೆಲ್ಲ ಆಯಿಲ್ ಮೆತ್ತಿತ್ತು. ನೆಲದಿಂದ ಒಂದು ನಟ್ಟು ಎತ್ತುತ್ತಾನೆ, ಬೀಳಿಸುತ್ತಾನೆ, ಟುಕ್ ಟುಕ್ ಟುಕ್ ಎನ್ನುತ್ತಾನೆ. ತಲೆ ಎತ್ತಿ ನೋಡುತ್ತಾನೆ. ಮತ್ತೆ ಎತ್ತುತ್ತಾನೆ.

"ದಿನಾ ಹಿಂಗೇ" ಎಂದರು ಮೆಕ್ಯಾನಿಕ್, ಹೊರಗೆ ಜಾರಿ ಬಂದು. "ಇಲ್ಲಿ ಒಂದು ಹೇಂಟೆ ಇಲ್ಲ. ಯಾರನ್ನ ಕರೀತಾನೋ! ನಾನು ಹತ್ತಿರ ಹೋದ್ರೆ ನಟ್ಟನ್ನ ನನ್ನ ಮುಂದೆ ಇಡ್ತಾನೆ. ಅಂಥದ್ದನ್ನ ಹೇಗೆ ಕುಯ್ಯೋದು ಹೇಳಿ?"

ಚಿಗುರುಮೀಸೆಯನ್ನು ಅವರಿಗೆ ಕೊಟ್ಟು ಇವನನ್ನು ತಂದೆ. ಅವನ ಗತಿ ಏನಾಗುತ್ತದೆಂದು ಈ ಸಲ ಕೇಳಿಯೇ ಕೊಟ್ಟೆ. ಅವರ ಭಾವನ ತೋಟದಲ್ಲಿ ಹೇಂಟೆಗಳ ದೊಡ್ಡ ಗುಂಪು, ಮುದಿ ಹುಂಜಗಳು ಇವೆಯಂತೆ. ಅಲ್ಲಿ ನಾಲ್ಕು ಒದೆ ತಿಂದು ಬುದ್ಧಿ ಕಲಿಯಲಿ.

ಪೆಟ್ಟಿಗೆ ಬಿಚ್ಚಿದಾಗ ಹೇಂಟೆಗಳು ಓಡಿ ಬಂದು ಸುತ್ತುವರಿಯುತ್ತವೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ದೊಡ್ಡಕ್ಕ ಅವನ ಆಯಿಲ್ ಮೆತ್ತಿದ ಎದೆಯನ್ನು ಒಂದು ಸಲ ಕುಕ್ಕಿ ನೋಡಿದಳು. ಗಡಿಬಿಡಿ ಚಾವಣಿಯಿಂದ ಇಳಿಯಲಿಲ್ಲ. ಅವನು ಕರೆದ, ಬೂದಿ ಬರಲಿಲ್ಲ. ಬೇಲಿಯ ಮೂಲೆಯಲ್ಲೇ ಬೆನ್ನು ಒತ್ತಿ ನಿಂತಿದ್ದಳು. ಅವನು ಹಿಂದೆ ಬೀಳಲಿಲ್ಲ. ಕರೆಯುವುದು, ನಿಲ್ಲುವುದು, ಬೇರೆ ಕಡೆ ಕೆರೆಯುವುದು. ಮಾರನೆಯ ದಿನ ಗೂಡಿನ ಮೂಲೆಯಲ್ಲಿ ಹುಲ್ಲಿನ ಮೇಲೆ ತಾನೇ ಕಾವಿಗೆ ಕೂತವನ ಹಾಗೆ ಮೈ ಕುಗ್ಗಿಸಿ ಕೂತು, ಗುರ್ ಗುರ್ ಎಂದು ಮೆಲ್ಲಗೆ ಏನೋ ಹೇಳುತ್ತಿದ್ದ. ಮೊಟ್ಟೆ ಇಡಲು ಇಲ್ಲಿ ಒಳ್ಳೆಯ ಜಾಗ ಇದೆ ಎಂದು ತೋರಿಸುವುದಂತೆ, ಒಡತಿ ಫೋನಿನಲ್ಲಿ ಹೇಳಿದರು. ಮೊನ್ನೆ ಬೂದಿ ಅಲ್ಲಿಗೆ ಹೋದಳು. ಅವನನ್ನು ಪಕ್ಕಕ್ಕೆ ತಳ್ಳಿ ತಾನು ಕೂತಳು. ಇವತ್ತು ಅಲ್ಲಿ ಒಂದು ಮೊಟ್ಟೆ ಇತ್ತು.

ನಾನು ಸಲಹೆ ಕೊಡುವುದಿಲ್ಲ, ಕೊಟ್ಟದ್ದು ಸಾಕು. ಆದರೆ ಒಂದು ಕೇಳುತ್ತೇನೆ. ಅವರಿಗೆ ಬರಬೇಡಿ ಎಂದ ಮೇಲೆ ನಿನಗೆ ಹಾಯೆನಿಸಿತಾ, ಚಿಕ್ಕಮ್ಮ?

ಪುಟ್ಟಿ


ಮೇ ೨೮

ಪುಟ್ಟಿಗೆ,

ಇಲ್ಲ, ಹಾಯೆನಿಸಲಿಲ್ಲ. ಅದಕ್ಕೇ ಹೋದೆ.

ಅವರ ಅಂಗಡಿ ಕಿರಿದಾದ ಒಂದು ಗಲ್ಲಿಯಲ್ಲಿದೆ. ಗೋಡೆಯ ತುಂಬ ತಟ್ಟೆ, ಸರಪಳಿ, ತೂಕದ ಕಲ್ಲು. ಔಷಧದಂಗಡಿಯ ಪುಟ್ಟ ತಕ್ಕಡಿಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಾನು ಒಳಗೆ ಕಾಲಿಟ್ಟಾಗ ನನ್ನ ನೆರಳು ಬಿದ್ದು ತಲೆ ಎತ್ತಿದರು.

"ಏನು, ಯಂತ್ರ ಮತ್ತೆ ಕೆಟ್ಟಿತಾ?"

"ಯಂತ್ರ ಚೆನ್ನಾಗಿದೆ. ನೀವ್ಯಾಕೆ ಬರ್ಲಿಲ್ಲ ಅಂತ ಕೇಳೋಕೆ ಬಂದೆ."

"ನೀವೇ ಬರಬೇಡಿ ಅಂದ್ರಲ್ಲ."

"ಅಂದ ತಕ್ಷಣ ನಿಲ್ಲಿಸಿಬಿಡೋದಾ?"

"ಮತ್ತೆ ಇನ್ನೇನು ಮಾಡ್ಬೇಕಿತ್ತು?" ಎಂದರು. ಕೋಪವಿಲ್ಲ, ನಿಜವಾಗಿಯೂ ಕೇಳಿದರು. ಒಂದು ಸ್ಟೂಲು ಒರೆಸಿ ಕೊಟ್ಟರು, ಕೂತೆ.

ಆಮೇಲೆ ನಾನೇ ಕೇಳಿದೆ, "ಆ ಯಂತ್ರ ನಿಜವಾಗ್ಲೂ ಅಷ್ಟು ಸಲ ಕೆಟ್ಟಿತ್ತಾ?"

"ಮೊದಲನೇ ಸಲ ಕೆಟ್ಟಿತ್ತು" ಎಂದು ತಲೆ ತಗ್ಗಿಸಿದರು.

ಪುಟ್ಟಿ, ಅವರಿಗೆ ಮಾತು ಬರುವುದಿಲ್ಲ. ಕೈಯಲ್ಲಿ ಏನಾದರೂ ಇದ್ದರೆ ಕೊಟ್ಟು ಒಂದು ಮಾತು ಶುರು ಮಾಡಬಹುದು, ಇಲ್ಲದ ದಿನ ಏನು ಮಾಡುವುದು ಎಂದು ಗೊತ್ತಾಗದೆ ಸುಮ್ಮನೆ ಕರೆದರಂತೆ. ಅಷ್ಟು ಹೇಳಲು ಅರ್ಧ ಗಂಟೆ ತೆಗೆದುಕೊಂಡರು. ನಡುವೆ ಆ ತಕ್ಕಡಿಯನ್ನು ಬಿಚ್ಚಿ ಪುನಃ ಜೋಡಿಸಿದರು. ಹೊರಡುವಾಗ ಬಾಗಿಲ ತನಕ ಬಂದು, "ನಾವಿಬ್ಬರೂ ಮದುವೆ ಆಗಬಹುದಾ?" ಎಂದು ಕೇಳಿಯೇ ಬಿಟ್ಟರು. ಇಷ್ಟು ಹೊತ್ತು ತಡವರಿಸಿದವರು ಅದನ್ನು ಮಾತ್ರ ಒಂದೇ ಉಸಿರಿಗೆ ಹೇಳಿದರು.

ಯೋಚನೆ ಮಾಡುತ್ತೇನೆ ಎಂದೆ. ಮಾಡುತ್ತಿದ್ದೇನೆ. ಹೇಂಟೆಗೆ ಒಂದು ಸಂಜೆಯ ವಿಷಯ, ಕೊಡವಿಕೊಂಡು ಎದ್ದು ಹೋಗುತ್ತದೆ. ನನಗೆ ಪ್ರತಿದಿನ ಬೆಳಗಿನ ಚಹಾದ ಹೊತ್ತಿಗೂ ಅದೇ ಮುಖ ಎದುರಿಗೆ ಇರುತ್ತದೆ. ಅದಕ್ಕೊಂದು ಉಪಾಯ ಮಾಡಿದ್ದೇನೆ. ನಿನ್ನ ಊರಿಗೆ ರೈಲಿನಲ್ಲಿ ಒಂದು ಇಡೀ ದಿನ. "ನನ್ನ ಮಗಳ ಕೋಳಿ ನೋಡೋಕೆ ಬರ್ತೀರಾ?" ಎಂದು ಕೇಳಿದೆ. ಏನು, ಏಕೆ ಎನ್ನದೆ ಆಗಲಿ ಎಂದರು. ಎದುರುಬದುರು ಕೂತು ಬರುತ್ತೇವೆ. ಜೂನಿನ ಎರಡನೆಯ ವಾರಾಂತ್ಯ ಇಬ್ಬರೂ ಮಾತಾಡುತ್ತ ಇಳಿದರೆ ಒಳ್ಳೆಯದು. ನಾನೊಬ್ಬಳೇ ಇಳಿದರೆ ಏನೂ ಕೇಳಬೇಡ, ಚಹಾ ಕೊಡು.

ಚಿಕ್ಕಮ್ಮ


ಜೂನ್ ೧೯

ಪುಟ್ಟಿಗೆ,

ಸುಖವಾಗಿ ಬಂದು ಮುಟ್ಟಿದೆವು. ನಿನ್ನ ಮನೆ ಚಿಕ್ಕದು, ಆದರೆ ಗಾಳಿ ಬೆಳಕು ಚೆನ್ನಾಗಿದೆ. ಒಂದು ತಟ್ಟೆ, ಒಂದು ಲೋಟದ ಸಂಸಾರ ನೋಡಿ ಮೊದಲ ದಿನ ಆ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದೆ. ಎರಡನೆಯ ದಿನ, ಆ ಹಲ್ಲಿನ ಸೆಟ್ಟನ್ನು ಕೈಯಲ್ಲಿ ಹಿಡಿದು ಅದನ್ನೇ ಮಾತಾಡಿಸಿ ನೀನು ನಕ್ಕೆಯಲ್ಲ, ಅದನ್ನು ಕೇಳಿದ ಮೇಲೆ ಸಮಾಧಾನವಾಯಿತು.

ನಿನಗೆ ಒಂದು ಹೇಳಬೇಕು. ನಿನ್ನಲ್ಲಿಂದ ಹಿಂದಿರುಗಿ ಬರುವಾಗ ರೈಲಿನಲ್ಲಿ ಊಟ ಮಾಡಿದ ಮೇಲೆ ಅವರು ನನ್ನ ಪಕ್ಕ ಬಂದು ಕೂತರು, ಕೂತಲ್ಲೇ ನಿದ್ದೆ ಹೋದರು. ತಲೆ ನನ್ನ ಹೆಗಲ ಮೇಲೆ ಬಿತ್ತು. ಏನು ಭಾರ ಅಂತೀಯ! ಸ್ವಲ್ಪ ಹೊತ್ತಿಗೆ ಕೈ ಜೋಮು ಹಿಡಿಯಿತು. ಸರಿಸಬಹುದಿತ್ತು, ಸರಿಸಲಿಲ್ಲ. ಕಿಟಕಿಯಲ್ಲಿ ಊರುಗಳು ಹೋಗುತ್ತಿದ್ದವು. ಈ ಭಾರ ಇಲ್ಲದ ಹೆಗಲು ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ, ಅಷ್ಟು ಬೇಗ ಮರೆತುಹೋಗಿತ್ತು.

ಅವರು ಎಚ್ಚರಾಗಿ ಕಣ್ಣುಜ್ಜಿಕೊಳ್ಳುವಾಗ, "ಆಗ್ಲಿ" ಎಂದೆ.

"ಏನು ಆಗ್ಲಿ?"

"ನೀವು ಕೇಳಿದ್ದಕ್ಕೆ."

"ನಾನೇನು ಕೇಳಿದೆ? ನಿದ್ದೆಯಲ್ಲಿ ಏನಾದ್ರೂ ಅಂದ್ನಾ?"

ಎಂಥ ಪ್ರಾಣಿ ನೋಡು! ಬೋಗಿಯ ತುಂಬ ಜನ, ಎದುರಿಗೆ ಒಬ್ಬ ಅಜ್ಜಿ ಕಿವಿ ನಿಮಿರಿಸಿಕೊಂಡು ಕೂತಿದ್ದಾಳೆ. ಕೊನೆಗೆ ನಾನೇ ಬಾಯಿ ಬಿಟ್ಟು, "ಮದುವೆಗೆ ಆಗ್ಲಿ ಅಂದೆ" ಎನ್ನಬೇಕಾಯಿತು. ಅವರು ಗಡಬಡಿಸಿ ಎದ್ದರು. ಮೇಲಿನ ಬರ್ತಿಗೆ ಹಣೆ ಢಬ್ ಎಂದು ಬಡಿಯಿತು. ಆ ಅಜ್ಜಿ ತನ್ನ ಬಾಟಲಿಯ ನೀರಿನಲ್ಲಿ ಕರವಸ್ತ್ರ ಒದ್ದೆ ಮಾಡಿ ಕೊಟ್ಟಳು, ನಾನು ಅವರ ಹಣೆಗೆ ಒತ್ತಿ ಹಿಡಿದುಕೊಂಡು ಬಂದೆ.

ಈಗ ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬುಗುಟು ಇಟ್ಟುಕೊಂಡು ಊರೆಲ್ಲ ಓಡಾಡುತ್ತಿದ್ದಾರೆ. ಯಾರಾದರೂ ಏನಾಯಿತು ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ, ನನ್ನ ಕಡೆ ನೋಡಿ ನಗುತ್ತಾರೆ. ಹೇಳುವವಳು ನಾನೇ. ಎಷ್ಟು ಜನಕ್ಕೆ ಹೇಳಿದರೂ ನನಗೆ ಬೇಸರ ಬರುತ್ತಿಲ್ಲ.

ನಿನ್ನ ಚಿಕ್ಕಮ್ಮ